ಘೋಡನದಿಯ ಶಿರೂರು: ಬೆಳೆಯುತ್ತಿರುವ ಒಂದು ಉಪನಗರದ ಪರಿಚಯ

ಶಿರೂರು ಎಂಬ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. ಉಡುಪಿಯ ಅಷ್ಟಮಠಗಳಲ್ಲೊಂದು ಈ ಹೆಸರಿನದು. ಬೈಂದೂರಿನ ಬಳಿ ಒಂದು ಶಿರೂರು, ಬಾಗಲಕೋಟೆಯ ಬಳಿ ಇನ್ನೊಂದು. 2024ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ನಾಡಿನವರೆಲ್ಲ ಮರುಗುವಂತಾದ ಅಂಕೋಲೆಯ ಶಿರೂರು ಮತ್ತೊಂದು. ಶಾಸನಗಳ ಅಭ್ಯಾಸಿಗಳಿಗಂತೂ ಧಾರವಾಡ ಸೀಮೆಯ ಶಿರೂರು ಚಿರಪರಿಚಿತ. ಕ್ರಿ. ಶ. 866ರ ಅಲ್ಲಿನ ಶಿಲಾಶಾಸನವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಲಟ್ಟಲೂರೆಂಬ ಪುರದ ಒಡೆಯನೆಂದು ಕರೆದಿದೆ. ಆ ಲಟ್ಟಲೂರು ಇಂದಿನ ಮಹಾರಾಷ್ಟ್ರದ ಲಾತೂರೇ ಎಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಇವುಗಳಲ್ಲಿ ಯಾವುದೂ ಅಲ್ಲದ ಮತ್ತೊಂದು ಶಿರೂರು ಪುಣೆ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿದೆ. ಪ್ರಸ್ತುತ ಲೇಖನದ ವಸ್ತು ಅದೇ.

ಪುಣೆಯಿಂದ ಅಹಮದನಗರಕ್ಕೆ, 2024ರಿಂದ ಅಹಿಲ್ಯಾನಗರವೆಂದು ಹೆಸರಾದ ಆ ಪಟ್ಟಣಕ್ಕೆ, ಹೋಗುವ ಹೆದ್ದಾರಿಯಲ್ಲಿ ಸುಮಾರು 65 ಕಿಲೋಮೀಟರು ಸಾಗಿದರೆ ಘೋಡ ನದಿಯ ಸೇತುವೆ ಸಿಗುತ್ತದೆ. ಸೇತುವೆಯ ಆಚೆ ಬೇರೆ ಜಿಲ್ಲೆ. ಈಚೆಯ ದಂಡೆಯ ಮೇಲೆ ಶಿರೂರು. ಸುತ್ತಣ ಹಳ್ಳಿಯ ಹಿರಿಯರು ಇದನ್ನು ಈಗಲೂ ಘೋಡನದಿ ಎಂದೇ ಕರೆಯುವುದುಂಟು. ಊರಿನ ಹೆಸರಿನ ಕೊನೆಯಲ್ಲಿರುವ ‘ಊರು’ ಎಂಬ ಶಬ್ದವು ಕನ್ನಡದ ಅಭಿಮಾನಿಗಳನ್ನು ಆಕರ್ಷಿಸುವುದು ಸಹಜ. ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಕುರುಹುಗಳನ್ನು ಹುಡುಕಿದ ಶಂ. ಬಾ. ಜೋಶಿಯವರ ಪರಿಶ್ರಮವನ್ನು ಬಲ್ಲವರಿಗೆ ಈ ಬಗೆಯ ವಿಚಾರ ಹೊಸದಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳಿದ ಗೋದಾವರಿಯು ಶಿರೂರಿನಿಂದ ಇನ್ನೂ ಉತ್ತರಕ್ಕಿದೆ ಎಂಬುದೂ ನಿಜವೇ. ಆದರೆ ಒಂದು ಹೆಸರಿನ ಬಲದಿಂದ ಒಂದು ಇತಿಹಾಸವನ್ನು ಕಟ್ಟುವುದು ಶಾಸ್ತ್ರೀಯವಾಗಲಾರದು. ಈ ಊರು ಇಂದು ನಮ್ಮ ಗಮನಕ್ಕೆ ಅರ್ಹವಾಗಿರುವುದು ಹೆಸರಿನಿಂದಲ್ಲ. ನಗರವೊಂದು ತನ್ನ ಸುತ್ತಣ ನಾಡನ್ನು ಹೇಗೆ ಒಳಗುಮಾಡಿಕೊಳ್ಳುತ್ತದೆ, ಆ ಕ್ರಿಯೆಯಲ್ಲಿ ಅಲ್ಲಿಗೆ ಬಂದು ನೆಲಸಿದವರ ಗತಿಯೇನಾಗುತ್ತದೆ ಎಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನವಾಗಿರುವುದರಿಂದ.

1. ದಂಡಿನ ಊರು

ಶಿರೂರಿನ ಆಧುನಿಕ ಚರಿತ್ರೆಯು ದಂಡಿನಿಂದ ಆರಂಭವಾಗುತ್ತದೆ. ಆ ಆರಂಭದ ಹಿಂದೆ ಮೈಸೂರಿನ ಸಂಬಂಧವೂ ಇದೆ. 1802ರ ಡಿಸೆಂಬರ್ 31ರಂದು ಎರಡನೆಯ ಬಾಜೀರಾಯನು ವಸಯಿಯಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು ಅವರ ಸಹಾಯಕ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇರಿಸಿಕೊಳ್ಳಲು ಸಮ್ಮತಿಸಿದನು. ಅವನನ್ನು ಮತ್ತೆ ಪುಣೆಯ ಗದ್ದುಗೆಗೆ ತರುವುದಕ್ಕಾಗಿ 1803ರ ಮಾರ್ಚ್ ತಿಂಗಳಲ್ಲಿ ಹರಿಹರದಿಂದ ಹೊರಟವನು, ಆಗ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸುತ್ತಿದ್ದ ಆರ್ಥರ್ ವೆಲ್ಲೆಸ್ಲಿ. ದಿವಾನ್ ಪೂರ್ಣಯ್ಯನವರು ಒದಗಿಸಿದ ಮೈಸೂರಿನ ಕುದುರೆಯ ದಂಡು ಆ ದಂಡಯಾತ್ರೆಯಲ್ಲಿತ್ತು. ತೋಪು-ಸಾಮಾನುಗಳನ್ನೆಳೆಯುವ ಮೈಸೂರಿನ ಅಮೃತಮಹಲ್ ಎತ್ತುಗಳನ್ನು ವೆಲ್ಲೆಸ್ಲಿ ಬಹುವಾಗಿ ಮೆಚ್ಚಿಕೊಂಡಿದ್ದನು. ಆ ವರ್ಷದ ಯುದ್ಧಗಳು ಮುಗಿದ ತರುವಾಯ ಪುಣೆಯ ಸಹಾಯಕ ಸೈನ್ಯಕ್ಕೆ ನೆಲೆಯಾದ ಊರು ಶಿರೂರು. ಪೇಶವೆಯ ರಾಜಧಾನಿಗೆ ತೀರ ಹತ್ತಿರವಲ್ಲ, ತೀರ ದೂರವೂ ಅಲ್ಲ. ನದಿಯ ನೀರು, ಕುದುರೆಗೆ ಮೇವು, ನಗರದ ಕೋಟೆಗೆ ಹೋಗುವ ನೇರದಾರಿ, ಇವೆಲ್ಲ ಇಲ್ಲಿ ಒದಗಿದ್ದವು. ಈ ಸೈನ್ಯದ ಅಧಿಕಾರಿಯಾಗಿದ್ದು 1809ರಲ್ಲಿ ತೀರಿಕೊಂಡ ಕರ್ನಲ್ ವಾಲೇಸನ ಸಮಾಧಿಯು ಊರಿನಲ್ಲಿದೆ. ಜನರು ಅವನನ್ನು ‘ಸತ್ಪುರುಷ’ನೆಂದು ಸ್ಮರಿಸುತ್ತ ಬಂದುದನ್ನು ಹಳೆಯ ಗ್ಯಾಸೆಟಿಯರ್ ದಾಖಲೆ ಮಾಡಿದೆ.

1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಸ್ಟಾಂಟನ್ನನ ನೇತೃತ್ವದಲ್ಲಿ ಸುಮಾರು 800 ಮಂದಿಯ ದಳವೊಂದು ಶಿರೂರಿನಿಂದ ಪುಣೆಯ ಕಡೆಗೆ ನಡೆಯಿತು. ಮರುದಿನ ಬೆಳಗ್ಗೆ ಭೀಮಾನದಿಯ ದಂಡೆಯ ಕೋರೆಗಾಂವದಲ್ಲಿ ಪೇಶವೆಯ ಸೈನ್ಯವು ಅದನ್ನು ಎದುರುಗೊಂಡಿತು. ಆ ದಳದಲ್ಲಿ ಮಹಾರ ಸೈನಿಕರು ಗಣನೀಯ ಸಂಖ್ಯೆಯಲ್ಲಿದ್ದರು. ಅಲ್ಲಿ ನಿಂತಿರುವ ವಿಜಯಸ್ತಂಭಕ್ಕೆ 1927ರ ಜನವರಿ 1ರಂದು ಡಾ. ಅಂಬೇಡ್ಕರರು ಭೇಟಿಯಿತ್ತ ಮೇಲೆ ಅದು ದಲಿತರ ಸ್ವಾಭಿಮಾನದ ಕ್ಷೇತ್ರವಾಗಿ ಪರಿಣಮಿಸಿತು. ಅಂದು ಸಿಪಾಯಿಗಳು ಇರುಳೆಲ್ಲ ನಡೆದ ಅದೇ ದಾರಿಯಲ್ಲಿ ಇಂದು ಕಾರಖಾನೆಗಳ ಬಸ್ಸುಗಳು ಇರುಳುಪಾಳಿಯ ಕೆಲಸಗಾರರನ್ನು ಹೊತ್ತು ಓಡುತ್ತವೆ.

2. ರೈಲು ತಪ್ಪಿದ ಊರು

ಪೇಶವೆಯ ಆಳಿಕೆ ಅಳಿದ ಮೇಲೆಯೂ ಶಿರೂರಿನಲ್ಲಿ ಅಶ್ವದಳ ಉಳಿದಿತ್ತು. ದಂಡು ಇದ್ದೆಡೆಯಲ್ಲಿ ಪೇಟೆ ಬೆಳೆಯುವುದು ಲೋಕದ ರೂಢಿ. ಬಟ್ಟೆ, ಕಾಳುಕಡಿಗಳ ವ್ಯಾಪಾರಿಗಳು, ಲೇವಾದೇವಿಯವರು ಬಂದು ನೆಲಸಿದರು. ವಾರದ ಸಂತೆಯು ದನ-ಕುದುರೆಗಳ ವ್ಯಾಪಾರಕ್ಕೆ ಹೆಸರಾಯಿತು. ಅಮೆರಿಕನ್ ಮರಾಠಿ ಮಿಶನ್ನಿನವರು ಇಲ್ಲೊಂದು ಕೈಗಾರಿಕಾ ಶಾಲೆಯನ್ನು ನಡೆಸಿದರು. ಕೈಗಾರಿಕೆ ಕಾಲಿಡುವುದಕ್ಕೆ ಬಹು ಹಿಂದೆಯೇ ಕೈಗಾರಿಕೆಯ ಪಾಠ ಇಲ್ಲಿಗೆ ಬಂದಿತ್ತೆನ್ನಬಹುದು.

ಆದರೆ ರೈಲು ಬರಲಿಲ್ಲ. 1878ರಲ್ಲಿ ದೌಂಡದಿಂದ ಅಹಮದನಗರದ ಮಾರ್ಗವಾಗಿ ಮನಮಾಡಕ್ಕೆ ರೈಲುದಾರಿ ತೆರೆಯಿತು. ಅದು ಶಿರೂರನ್ನು ಪಕ್ಕಕ್ಕೆ ಬಿಟ್ಟು ಪೂರ್ವದಿಂದ ಹೋಯಿತು. ಪುಣೆಯಿಂದ ಅಹಮದನಗರಕ್ಕೆ ಹೋಗುವ ದೂರದ ಸರಕು ದೌಂಡವನ್ನು ಸುತ್ತಿ ಉಗಿಬಂಡಿಯಲ್ಲಿ ಹೋಗತೊಡಗಿದ ಮೇಲೆ ನೇರದಾರಿಯ ಮೇಲಿನ ಊರಿಗೆ ಉಳಿದದ್ದು ತನ್ನ ತಾಲೂಕಿನ ಸಂತೆ ಮಾತ್ರ. 1901ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 7,200 ಮಂದಿ. 2001ರಲ್ಲಿ ಈ ಸಂಖ್ಯೆ ಸುಮಾರು 27,000. 2011ರಲ್ಲಿ ಸುಮಾರು 37,000. ನೂರು ವರ್ಷಗಳಲ್ಲಿ ಕೂಡಿದವರು ಇಪ್ಪತ್ತು ಸಾವಿರ, ಮುಂದಿನ ಹತ್ತೇ ವರ್ಷಗಳಲ್ಲಿ ಕೂಡಿದವರು ಹತ್ತು ಸಾವಿರ. ಶತಮಾನವೊಂದರ ಅರ್ಧದಷ್ಟು ಬೆಳವಣಿಗೆ ಒಂದು ದಶಕದಲ್ಲಿ ನಡೆದುಹೋಯಿತು. ಇದೂ ಪುರಸಭೆಯ ಎಲ್ಲೆಯೊಳಗಿನ ಲೆಕ್ಕ ಮಾತ್ರ. ಎಲ್ಲೆಯಾಚೆ ಶಿರೂರು ಗ್ರಾಮೀಣವೆಂಬ ಪ್ರತ್ಯೇಕ ಗ್ರಾಮಪಂಚಾಯತಿಯಿದೆ. ಹೊಸ ಬಡಾವಣೆಗಳು ಬೆಳೆಯುವುದು ಹೆಚ್ಚಾಗಿ ಇಂತಹ ಅಂಚುಗಳಲ್ಲಿಯೇ. 2021ರ ಜನಗಣತಿ ಆ ವರ್ಷ ನಡೆಯದೆ ಹೋದುದರಿಂದ, ಈ ಬೆಳವಣಿಗೆಯ ವೇಗವನ್ನು ಇಂದಿಗೂ ಹಳೆಯ ಅಂಕಿಗಳಿಂದಲೇ ಅಳೆಯಬೇಕಾಗಿದೆ.

3. ಕಾರಖಾನೆಗಳ ಸಾಲು

ಈ ಬದಲಾವಣೆಗೆ ಕಾರಣವು ಊರಿನೊಳಗಿಲ್ಲ, ರಸ್ತೆಯ ಮೇಲಿದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಯಾಯಿತು. ಹಳ್ಳಿಗಳ ಭೂಮಿಯನ್ನು ಒಟ್ಟಾಗಿ ಕೊಂಡು, ರಸ್ತೆ, ನೀರು, ವಿದ್ಯುತ್ತುಗಳನ್ನೊದಗಿಸಿ, ಕಾರಖಾನೆಗಳಿಗೆ ತುಂಡುಮಾಡಿ ಕೊಡುವುದು ಅದರ ಪದ್ಧತಿ. ಮೊದಲು ಪಿಂಪರಿ-ಭೋಸರಿಗಳ ಕಡೆಗೆ ಬೆಳೆದ ಉದ್ಯಮವು ಅಲ್ಲಿ ನೆಲದ ಬೆಲೆ ಏರಿದಂತೆ ಬೇರೆ ದಿಕ್ಕುಗಳನ್ನು ಅರಸಿತು. ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ರಾಂಜಣಗಾಂವದಲ್ಲಿ, ಅಂದರೆ ಶಿರೂರಿನಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ, ನಿಗಮದ ದೊಡ್ಡ ಕೈಗಾರಿಕಾ ವಸಾಹತು ಎದ್ದಿತು. ಮೋಟಾರು ಕಾರುಗಳು, ಎಲ್.ಜಿ., ವರ್ಲ್‌ಪೂಲ್, ಹಾಯರ್ ಕಂಪನಿಗಳ ಗೃಹೋಪಯೋಗಿ ಯಂತ್ರಗಳು ಇಲ್ಲಿ ತಯಾರಾಗುತ್ತವೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಇಲ್ಲಿಯೇ 297 ಎಕರೆಗಳ ಎಲೆಕ್ಟ್ರಾನಿಕ್ ಉದ್ಯಮಸಮೂಹವೊಂದಕ್ಕೆ ಒಪ್ಪಿಗೆ ನೀಡಿತು. ಅದರ ಅಂದಾಜು ವೆಚ್ಚ ಸುಮಾರು 493 ಕೋಟಿ ರೂಪಾಯಿ. ಪುಣೆಗೆ ಇನ್ನಷ್ಟು ಹತ್ತಿರದ ಸಣಸವಾಡಿ, ಶಿಕ್ರಾಪುರಗಳಲ್ಲಿಯೂ ಕಾರಖಾನೆಗಳ ಸಾಲು ಇದೆ. ಪುಣೆಯ ಅಂಚಿನ ಖರಾಡಿಯಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳು ತಲೆಯೆತ್ತಿವೆ.

ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಮುಂಬಯಿಯ ಡೊಂಬಿವಲಿಯನ್ನು ಬಲ್ಲ ಕನ್ನಡಿಗರಿಗೆ ಉಪನಗರವೆಂದರೆ ಬೆಳಗ್ಗೆ ಬರಿದಾಗಿ ಸಂಜೆ ತುಂಬುವ ಊರು. ಅಲ್ಲಿನ ಪ್ರವಾಹವು ಬಹುಮಟ್ಟಿಗೆ ಒಂದೇ ದಿಕ್ಕಿನದು. ಶಿರೂರಿನ ದಾರಿಯಲ್ಲಿ ಪ್ರವಾಹ ಎರಡು ದಿಕ್ಕಿಗೂ ಇದೆ. ರಾಂಜಣಗಾಂವದ ಅಧಿಕಾರಿಗಳು, ಇಂಜನಿಯರುಗಳು ಮಕ್ಕಳ ಶಾಲೆಗಾಗಿ, ಪತಿ ಅಥವಾ ಪತ್ನಿಯ ನೌಕರಿಗಾಗಿ ಖರಾಡಿ, ವಾಘೋಲಿಗಳಲ್ಲಿ ಮನೆ ಮಾಡಿ ದಿನವೂ ಹೊರಕ್ಕೆ ಬರುತ್ತಾರೆ. ಶಿರೂರಿನ ತರುಣರು ಕಾಲೇಜಿಗೂ ಕಚೇರಿಗೂ ಒಳಕ್ಕೆ ಹೋಗುತ್ತಾರೆ. ಬೆಂಗಳೂರಿನಿಂದ ಬಿಡದಿಗೆ ದಿನವೂ ಹೋಗಿಬರುವವರನ್ನು ಕಂಡವರಿಗೆ ಈ ಸ್ಥಿತಿ ಸುಲಭವಾಗಿ ಅರ್ಥವಾದೀತು. ಆದರೆ ಬಿಡದಿಗೆ ರೈಲಿದೆ, ಶಿರೂರಿಗೆ ಇಲ್ಲ. ಆದುದರಿಂದ ಇಡೀ ಭಾರವನ್ನು ರಸ್ತೆಯೊಂದೇ ಹೊರಬೇಕಾಗಿದೆ. ರಸ್ತೆಯನ್ನು ಅಗಲಿಸಿದಷ್ಟೂ ಅದು ತುಂಬುತ್ತ ಬಂದಿದೆ. ಪುಣೆಯಿಂದ ಶಿರೂರಿನವರೆಗೆ ಮೇಲುರಸ್ತೆಯೊಂದನ್ನು ಕಟ್ಟುವ ಯೋಜನೆಯೂ ರೂಪುಗೊಂಡಿದೆ.

ಆಡಳಿತವೂ ಈ ಸಂಬಂಧವನ್ನು ಒಪ್ಪಿಕೊಂಡಿದೆ. 2015ರಲ್ಲಿ ರಚನೆಯಾದ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಶಿರೂರು ತಾಲೂಕಿನ ಒಂದು ಭಾಗ ಸೇರಿದೆ. 2021ರಲ್ಲಿ ವಾಘೋಲಿ ಪುಣೆಯ ಮಹಾನಗರಪಾಲಿಕೆಯೊಳಗೆ ವಿಲೀನವಾಯಿತು. ಇನ್ನೊಂದು ಕೌತುಕವೆಂದರೆ, 2009ರ ಚುನಾವಣೆಯಿಂದ ಅಸ್ತಿತ್ವಕ್ಕೆ ಬಂದ ಶಿರೂರು ಲೋಕಸಭಾ ಕ್ಷೇತ್ರದಲ್ಲಿ ಹಡಪಸರ, ಭೋಸರಿಗಳಂತಹ ನಗರಭಾಗಗಳೂ ಇವೆ. ನಗರವು ಶಿರೂರಿನ ಕಡೆಗೆ ಬಂದಿದೆ. ಶಿರೂರಿನ ಹೆಸರು ನಗರದೊಳಕ್ಕೆ ಹೋಗಿದೆ.

4. ಸಾಲಪತ್ರದಲ್ಲಿ ಬರೆಯದ ಲೆಕ್ಕ

ನಗರದ ಅಂಚು ಹೀಗೆ ಹೊರಹೊರಕ್ಕೆ ಸರಿಯುವುದರ ಹಿಂದೆ ಸರಳವಾದೊಂದು ಗಣಿತವಿದೆ. ಮನೆ ಕೊಳ್ಳುವವನಿಗೆ ಬ್ಯಾಂಕು ಕೊಡುವ ಸಾಲವು ಅವನ ಸಂಬಳಕ್ಕೆ ಅನುಗುಣವಾದ ಮಾಸಿಕ ಕಂತನ್ನು ಅವಲಂಬಿಸಿದೆ. ಕಂತು ನಿಶ್ಚಿತ, ನೆಲದ ಬೆಲೆಯಾದರೋ ಪುಣೆಯಿಂದ ದೂರ ಹೋದಂತೆ ಇಳಿಯುತ್ತದೆ. ಆದುದರಿಂದ ಅದೇ ಕಂತಿಗೆ ನಗರದಲ್ಲಿ ಒಂದು ಕೋಣೆ ಸಿಗುವಲ್ಲಿ ಉಪನಗರದಲ್ಲಿ ಎರಡು, ಅದರಾಚೆಯ ಊರಿನಲ್ಲಿ ಮೂರು ಕೋಣೆಗಳು ಸಿಕ್ಕಾವು. ಉಳಿದದ್ದನ್ನು ಅವನು ಕಾಲದ ರೂಪದಲ್ಲಿ ತೆರುತ್ತಾನೆ. ಒಬ್ಬನಿಗೆ ಹೋಗಿಬರಲು ದಿನಕ್ಕೆ ನಾಲ್ಕು ತಾಸು ಹಿಡಿಯುತ್ತದೆಂದು ಭಾವಿಸೋಣ. ತಿಂಗಳಿಗೆ 25 ದಿನಗಳಂತೆ ನೂರು ತಾಸು. ವರ್ಷಕ್ಕೆ 1,200 ತಾಸು, ಎಂದರೆ ಐವತ್ತು ಅಹೋರಾತ್ರಿಗಳು. ಸಾಲದ ಅವಧಿ ಇಪ್ಪತ್ತು ವರ್ಷವಾದರೆ ಒಟ್ಟು ಸಾವಿರ ಅಹೋರಾತ್ರಿಗಳು, ಸುಮಾರು ಎರಡು ಮುಕ್ಕಾಲು ವರ್ಷ. ಸಾಲಪತ್ರದಲ್ಲಿ ಅಸಲು, ಬಡ್ಡಿ ಬರೆದಿರುತ್ತವೆ; ಈ ಎರಡು ಮುಕ್ಕಾಲು ವರ್ಷವನ್ನು ಯಾರೂ ಬರೆಯುವುದಿಲ್ಲ. ಅದನ್ನು ತೆರುವವರು ಸಾಲಗಾರನೊಬ್ಬನೇ ಅಲ್ಲ. ಮಲಗಿದ ಮೇಲೆ ಬಂದು ಏಳುವ ಮುನ್ನ ಹೋಗುವ ತಂದೆಯನ್ನು ಕಾಣದ ಮಕ್ಕಳೂ ಅದರಲ್ಲಿ ಪಾಲುಗಾರರು.

ಭೂಮಿ ಮಾರಿದವನ ಕಥೆ ಬೇರೆ. ಶಿರೂರು ತಾಲೂಕಿನ ಪೂರ್ವಭಾಗ ಮಳೆ ಕಡಿಮೆಯ ನೆಲ. ಜೋಳ, ಸಜ್ಜೆ ಬೆಳೆಯುತ್ತಿದ್ದಲ್ಲಿ ಕಾಲುವೆಯ ನೀರು ಬಂದ ಮೇಲೆ ಕಬ್ಬು, ಉಳ್ಳಾಗಡ್ಡೆ ಬೆಳೆದವು. ಹೆದ್ದಾರಿಯ ಮಗ್ಗುಲಿನ ಹೊಲಕ್ಕೆ ಒಮ್ಮೆಲೇ ಬೆಲೆ ಬಂದಾಗ ರೈತನು ತಲೆಮಾರುಗಳಲ್ಲಿ ಕಾಣದ ಹಣವನ್ನು ಕಾಣುತ್ತಾನೆ. ತಿಳಿದವರು ಇನ್ನೂ ದೂರದಲ್ಲಿ ಹೊಲ ಕೊಳ್ಳುತ್ತಾರೆ, ಬಾಡಿಗೆಗೆ ಖೋಲಿಗಳನ್ನು ಕಟ್ಟಿಸುತ್ತಾರೆ. ಉಳಿದವರ ಹಣ ಮನೆ, ಮದುವೆ, ವಾಹನಗಳಲ್ಲಿ ಕರಗಿ, ಮಗನು ತಮ್ಮದೇ ಹೊಲದಲ್ಲಿ ಎದ್ದ ಕಾರಖಾನೆಯ ಬಾಗಿಲಲ್ಲಿ ಗುತ್ತಿಗೆಯ ಕೆಲಸಕ್ಕೆ ನಿಲ್ಲುತ್ತಾನೆ.

ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ: ಗುಂಟೆಯ ಲೆಕ್ಕದಲ್ಲಿ ಜಾಗ ಕೊಳ್ಳುವ ಕೂಲಿಕಾರ. ಹೊಲಗಳು ಚೂರುಚೂರಾಗುವುದನ್ನು ತಡೆಯಲು ಮುಂಬಯಿ ಸರಕಾರ 1947ರಲ್ಲಿ ಮಾಡಿದ ಕಾಯಿದೆಯನ್ನು ಬೆಳಗಾವಿ, ಧಾರವಾಡ, ವಿಜಾಪುರಗಳ ಹಿರಿಯ ರೈತರೂ ಬಲ್ಲರು. ಕೃಷಿಯೇತರ ಬಳಕೆಗೆ ಅನುಮತಿಯಿಲ್ಲದ ಇಂತಹ ತುಂಡಿನ ಮೇಲೆ ಬ್ಯಾಂಕು ಸಾಲ ಕೊಡಲಾರದು. ಉತಾರದಲ್ಲಿ ಅವನ ಹೆಸರು ಏರುವುದೂ ಕಷ್ಟ. ಅವನು ಕೈಸಾಲ ಮಾಡಿ, ಹೆಚ್ಚು ಬಡ್ಡಿ ತೆತ್ತು, ದುರ್ಬಲವಾದ ಹಕ್ಕನ್ನು ಕೊಳ್ಳುತ್ತಾನೆ. ಕಡಿಮೆ ಬಡ್ಡಿಯ ಸಾಲ ಸ್ಥಿತಿವಂತನಿಗೆ, ಹೆಚ್ಚು ಬಡ್ಡಿಯ ಸಾಲ ಬಡವನಿಗೆ ಎಂಬ ವಿಪರ್ಯಾಸವು ಬೆಳೆಯುತ್ತಿರುವ ಪ್ರತಿಯೊಂದು ಉಪನಗರದಲ್ಲಿಯೂ ಕಂಡುಬರುವಂಥದು.

5. ಒಂದೇ ನೀರು

ಘೋಡ ನದಿಯು ಭೀಮಾಶಂಕರದ ಕಡೆಯ ಸಹ್ಯಾದ್ರಿಯಲ್ಲಿ ಹುಟ್ಟಿ, ಕುಕಡಿಯನ್ನು ಕೂಡಿಕೊಂಡು ಮುಂದೆ ಭೀಮೆಯನ್ನು ಸೇರುತ್ತದೆ. ಡಿಂಭೆ, ಮಾಣಿಕಡೋಹ, ಯೇಡಗಾಂವ, ವಡಜ, ಪಿಂಪಳಗಾಂವ ಜೋಗೆ ಎಂಬ ಐದು ಜಲಾಶಯಗಳ ಕುಕಡಿ ಯೋಜನೆಯು ಈ ಕಣಿವೆಯ ನೀರನ್ನು ಮೂರು ಜಿಲ್ಲೆಗಳಿಗೆ ಹಂಚುತ್ತದೆ. ಈಗ ರೈತರ ಜೊತೆಗೆ ಕಾರಖಾನೆಗಳೂ ಬಡಾವಣೆಗಳೂ ಅದೇ ನೀರಿಗೆ ಕೈಯೊಡ್ಡಿವೆ. ಕಬ್ಬಿನ ಗದ್ದೆಗಳು ಹಬ್ಬಿದಲ್ಲಿ ಚಿರತೆಗಳು ಸೇರಿಕೊಂಡಿವೆ. ಇರುಳಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋಗುವವರ ಜೀವಕ್ಕೆ ಅದೊಂದು ಹೊಸ ಭಯ. ಊರು ಬೆಳೆಯುವುದೆಂದರೆ ಮನೆಗಳು ಹೆಚ್ಚುವುದಷ್ಟೇ ಅಲ್ಲ, ನೆಲ-ನೀರು-ಪ್ರಾಣಿಗಳ ಹಳೆಯ ಹೊಂದಾಣಿಕೆಯೆಲ್ಲ ಪಲ್ಲಟಗೊಳ್ಳುವುದು.

ಈ ಸಂಗತಿ ಕನ್ನಡಿಗರಿಗೆ ದೂರದ್ದಲ್ಲ. ಘೋಡದ ನೀರು ಭೀಮೆಯಲ್ಲಿ ಬೆರೆತು ಉಜನಿಯ ಜಲಾಶಯವನ್ನು ಸೇರಿ, ಅಲ್ಲಿಂದ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾಯ್ದು ಕೃಷ್ಣೆಗೆ ಕೂಡುತ್ತದೆ. ಗಾಣಗಾಪುರದಲ್ಲಿ ಭಕ್ತರು ಮೀಯುವ ಭೀಮೆ, ಸನ್ನತಿಯ ಸ್ತೂಪದ ಬದಿಯಲ್ಲಿ ಹರಿಯುವ ಭೀಮೆ ಇದೇ. ಮೇಲೆ ಬಳಸಿದಷ್ಟು ಕೆಳಗೆ ಕಡಿಮೆಯಾಗುತ್ತದೆ. ಮೇಲೆ ಕಲುಷಿತವಾದದ್ದು ಕೆಳಗಿನವರ ಪಾಲಿಗೆ ಬರುತ್ತದೆ. ರಾಜ್ಯದ ಗಡಿಯನ್ನು ನದಿ ಅರಿಯದು.

6. ಬಂದು ನೆಲಸಿದವರು

2001ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕಿದ್ದರು. 2011ರಲ್ಲಿ ಆ ಸಂಖ್ಯೆ ಸುಮಾರು 10 ಲಕ್ಷಕ್ಕೆ ಇಳಿಯಿತು. ಕರ್ನಾಟಕದಿಂದ ಬರುವವರು ನಿಂತಿಲ್ಲ. ಹಾಗಿದ್ದೂ ಸಂಖ್ಯೆ ಇಳಿದುದಕ್ಕೆ ಕಾರಣ ಒಂದೇ ಇರಲಾರದು. ಆದರೂ ನುಡಿ ಮನೆಯೊಳಗೆ ಕ್ಷೀಣಿಸುವ ಬಗೆಯನ್ನು ಈ ಹೆದ್ದಾರಿಯ ಊರುಗಳಲ್ಲಿ ಊಹಿಸಿಕೊಳ್ಳುವುದು ಕಷ್ಟವಲ್ಲ.

ಪುಣೆಯ ಕನ್ನಡ ಸಂಘ 1953ರಲ್ಲಿ ಸ್ಥಾಪಿತವಾದುದು. ಕಾವೇರಿಯ ಹೆಸರಿನಲ್ಲಿ ಅದು ನಡೆಸುತ್ತಿರುವ ಶಿಕ್ಷಣಸಂಸ್ಥೆಗಳು ಹೊರನಾಡ ಕನ್ನಡಿಗರ ಕರ್ತೃತ್ವಕ್ಕೆ ಸಾಕ್ಷಿಯಾಗಿವೆ. ಆದರೆ ಇಂತಹ ಸಂಸ್ಥೆಗಳೆಲ್ಲ ನಗರದ ನಡುವಿನಲ್ಲಿ, ಕನ್ನಡಿಗರು ಹತ್ತಿರ ಹತ್ತಿರ ವಾಸಿಸುತ್ತಿದ್ದ ಕಾಲದಲ್ಲಿ ರೂಪುಗೊಂಡವು. ರಾಜ್ಯೋತ್ಸವದ ಸಂಜೆಗೆ ಬಸ್ಸು ಹಿಡಿದು ಬಂದು ರಾತ್ರಿ ಮನೆ ಸೇರಬಹುದಾಗಿದ್ದ ದೂರವನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಿದ್ದವು. ದಿನಕ್ಕೆ ನಾಲ್ಕು ತಾಸು ರಸ್ತೆಯ ಮೇಲೆ ಕಳೆಯುವ ರಾಂಜಣಗಾಂವದ ಇಂಜನಿಯರನು ಭಾನುವಾರ ಮತ್ತೆ ಅದೇ ರಸ್ತೆಗೆ ಇಳಿಯಲಾರ. ಅವನ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಅಂಗಳದಲ್ಲಿ ಮರಾಠಿ, ಹಿಂದಿಗಳನ್ನೂ ಕಲಿಯುತ್ತಾರೆ. ಕನ್ನಡವು ಅಜ್ಜಿಯೊಡನೆ ದೂರವಾಣಿಯಲ್ಲಿ ಆಡುವ ಭಾಷೆಯಾಗಿ ಉಳಿಯುತ್ತದೆ. ಮರಾಠಿಯನ್ನು ಕಲಿಯುವುದು ನಷ್ಟವಲ್ಲ, ಅದು ನೆಲದ ಋಣವೂ ಹೌದು. ನಷ್ಟವಾಗುವುದು ಕಲಿತದ್ದರಿಂದಲ್ಲ, ಬಿಟ್ಟದ್ದರಿಂದ.

ಇನ್ನೊಂದು ವರ್ಗದವರು ಸಂಘಗಳ ಸದಸ್ಯರ ಪಟ್ಟಿಯಲ್ಲಿ ಕಾಣಸಿಗುವುದಿಲ್ಲ. ಪುಣೆಯ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ, ಗಾರೆ ಕಲಸುವವರಲ್ಲಿ, ರಸ್ತೆ ಅಗೆಯುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದವರು ಅನೇಕರಿದ್ದಾರೆ. ಸಂಸಾರಸಹಿತ ಬಂದು, ಕಟ್ಟಡ ಮುಗಿಯುವ ತನಕ ಅದರ ನೆರಳಿನಲ್ಲಿಯೇ ತಗಡಿನ ಗುಡಿಸಲು ಹಾಕಿಕೊಂಡಿದ್ದು, ಮುಗಿದ ಮೇಲೆ ಇನ್ನೂ ಹೊರಕ್ಕೆ ಸರಿಯುವವರು ಇವರು. ನಗರದ ಅಂಚು ಎಲ್ಲಿದೆಯೆಂದು ತಿಳಿಯಬೇಕಾದರೆ ಇವರ ಗುಡಿಸಲು ಎಲ್ಲಿದೆಯೆಂದು ನೋಡಿದರೆ ಸಾಕು. ಇವರ ಮನೆಯಲ್ಲಿ ಕನ್ನಡ ಇನ್ನೂ ಜೀವಂತವಾಗಿದೆ, ಅಕ್ಷರ ಮಾತ್ರ ಇಲ್ಲ. ಮಕ್ಕಳು ಊರಿನಲ್ಲಿ ಕನ್ನಡ ಶಾಲೆಯನ್ನು ನಡುವೆ ಬಿಟ್ಟು ಬಂದವರು. ಇಲ್ಲಿ ಮರಾಠಿ ಶಾಲೆಗೆ ಸೇರುವಷ್ಟು ಕಾಲ ಒಂದೆಡೆ ನಿಲ್ಲದವರು. ಬುದ್ಧಿಜೀವಿಯ ಮನೆಯಲ್ಲಿ ಅಕ್ಷರವಿದ್ದು ನುಡಿ ಹೋಗುತ್ತಿರುವಾಗ, ಕೂಲಿಕಾರನ ಮನೆಯಲ್ಲಿ ನುಡಿಯಿದ್ದು ಅಕ್ಷರ ದೊರೆಯುತ್ತಿಲ್ಲ. ಇಬ್ಬರೂ ಒಂದೇ ಹೆದ್ದಾರಿಯ ಮೇಲಿದ್ದಾರೆ. ಒಬ್ಬನು ಕಟ್ಟಿದ ಮನೆಯಲ್ಲಿ ಮತ್ತೊಬ್ಬನು ವಾಸಿಸುತ್ತಾನೆ. ಪರಸ್ಪರ ಪರಿಚಯ ಮಾತ್ರ ಇಲ್ಲ.

ಶಿರೂರಿನಂತಹ ಊರಿನ ಅಭ್ಯಾಸದಿಂದ ಹೊರನಾಡಿನ ಸಂಘಗಳು ಪಡೆಯಬಹುದಾದ ಪಾಠ ಇದೇ ಇರಬೇಕು. ಸಭಾಭವನವು ನಗರದ ನಡುವೆ ಇದ್ದರೆ ಇರಲಿ. ಆದರೆ ಕೆಲಸವು ಜನರಿರುವೆಡೆಗೆ ಹೋಗಬೇಕು. ವಾಘೋಲಿಯಲ್ಲೊಂದು, ಶಿಕ್ರಾಪುರದಲ್ಲೊಂದು, ಶಿರೂರಿನಲ್ಲೊಂದು ಕೋಣೆ. ವಾರಕ್ಕೆ ಎರಡು ತಾಸಿನ ಕನ್ನಡ ಪಾಠ. ಅದೇ ಚಾಪೆಯ ಮೇಲೆ ಇಂಜನಿಯರನ ಮಗುವೂ ಗಾರೆಕೆಲಸದವನ ಮಗುವೂ ಕೂಡುವಂತಹ ವ್ಯವಸ್ಥೆ. ಇದಕ್ಕೆ ಬೇಕಾಗುವ ಹಣ ಅಲ್ಪ. ಬೇಕಾಗುವುದು ಕಲಿಸುವವರ ಕಾಲ. ಆ ಕಾಲವನ್ನು ರಸ್ತೆ ನುಂಗುತ್ತಿದೆ ಎಂಬುದೇ ಇಲ್ಲಿನ ನಿಜವಾದ ತೊಡಕು. ಇನ್ನೂರು ವರ್ಷಗಳ ಹಿಂದೆ ದಂಡು ಬಂದುದರಿಂದ ಊರಾದ ಶಿರೂರು, ದಂಡು ಹೋದ ಮೇಲೆಯೂ ಊರಾಗಿಯೇ ಉಳಿಯಿತು. ಇಂದು ಕಾರಖಾನೆಗಳ ಬೆನ್ನು ಹಿಡಿದು ಅಲ್ಲಿಗೆ ಬಂದಿರುವ ಕನ್ನಡಿಗರು ಮುಂದಿನ ತಲೆಮಾರಿನಲ್ಲಿಯೂ ಕನ್ನಡಿಗರಾಗಿ ಉಳಿದಾರೆಯೇ ಎಂಬುದು ನಗರದೊಳಗಿನವರು ಅಷ್ಟು ದೂರ ಹೋಗಲು ಸಿದ್ಧರಿದ್ದಾರೆಯೇ ಎಂಬುದನ್ನು ಅವಲಂಬಿಸಿದೆ.